ಸೂಜಿಯ ಕಣ್ಣು

ಮನೆಯಲ್ಲಿರುವ ವಸ್ತುಗಳಲ್ಲೆಲ್ಲ ಅತ್ಯಂತ ಚಿಕ್ಕದು ಯಾವುದೆಂದು ಕೇಳಿದರೆ ಬಹುಮಂದಿ ಸೂಜಿಯೆಂದೇ ಹೇಳಿಯಾರು. ಅದು ಕಳೆದರೆ ಸಿಗುವುದಿಲ್ಲ. ಸಿಕ್ಕಿದರೂ ಕೆಲವೊಮ್ಮೆ ಕಾಲಿಗೆ ಚುಚ್ಚಿಯೇ ಸಿಗುತ್ತದೆ. ಬೇಕಾದಾಗ ಹೊರತು ನಾವು ಅದನ್ನು ನೆನೆಯುವುದಿಲ್ಲ. ಅಂಗಿಯ ಗುಂಡಿ ಕಿತ್ತುಹೋದಾಗ, ಸೀರೆಯ ಸೆರಗು ಬೇಲಿಯ ಮುಳ್ಳಿಗೆ ಸಿಕ್ಕಿ ಹರಿದಾಗ, ಹಬ್ಬದ ಹಿಂದಿನ ದಿನ ಹೊಸ ಲಂಗದ ಅಂಚು ಬಿಚ್ಚಿಕೊಂಡಾಗ ಮನೆಮಂದಿಯೆಲ್ಲ ಸೂಜಿಗಾಗಿ ಹುಡುಕಾಡುತ್ತಾರೆ. ಹೊಲಿಗೆಯ ಸ್ವಭಾವವೂ ಹಾಗೆಯೇ. ಚೆನ್ನಾಗಿರುವಷ್ಟು ಕಾಲ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಚ್ಚಿಕೊಂಡ ದಿನ ಎಲ್ಲರ ಕಣ್ಣಿಗೂ ಬೀಳುತ್ತದೆ.

ಸೂಜಿಯ ಕೆಲಸ ನಮ್ಮ ನಾಡಿಗೆ ಹೊಸತಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಅವರ ಕಾಯಕ ಅವರ ಹೆಸರಿನಲ್ಲಿಯೇ ಉಳಿದುಬಂದಿದೆ. ಆದರೆ ಶತಮಾನಗಳು ಕಳೆದರೂ ಹೊಲಿಯುವವನ ಶ್ರಮ ಮಾತ್ರ ಕಡಿಮೆಯಾಗಲಿಲ್ಲ. ಒಂದೊಂದು ಹೊಲಿಗೆಗೂ ಕೈ ಒಮ್ಮೆ ಮೇಲೇಳಬೇಕು, ಒಮ್ಮೆ ಕೆಳಗಿಳಿಯಬೇಕು. ದೀಪದ ಬೆಳಕಿನಲ್ಲಿ ಕುಳಿತು ಹೊಲಿದವರ ಕಣ್ಣುಗಳೆಷ್ಟು ಸೋತವೋ ಲೆಕ್ಕವಿಟ್ಟವರಿಲ್ಲ.

ಈ ಶ್ರಮವನ್ನು ಯಂತ್ರಕ್ಕೆ ವಹಿಸಬೇಕೆಂದು ಯೋಚಿಸಿದವರಲ್ಲಿ ಹಲವರು ಮೊದಲು ಕೈಯ ಚಲನೆಯನ್ನೇ ಅನುಕರಿಸಲು ಹೋಗಿ ಸೋತರು. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಎಂಬ ದರ್ಜಿ 1830ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದು, ಸೈನಿಕರ ಉಡುಪುಗಳನ್ನು ಹೊಲಿಯುವ ಕಾರ್ಖಾನೆಯೊಂದನ್ನು ನಡೆಸಿದನು. ತಮ್ಮ ಅನ್ನಕ್ಕೆ ಕುತ್ತು ಬಂದಿತೆಂದು ಹೆದರಿದ ದರ್ಜಿಗಳು 1831ರಲ್ಲಿ ಗುಂಪಾಗಿ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಅನಂತರ 1846ರಲ್ಲಿ ಅಮೆರಿಕದ ಎಲಿಯಾಸ್ ಹೌ ಎಂಬಾತ ಪೇಟೆಂಟ್ ಪಡೆದ ಯಂತ್ರದಲ್ಲಿ ಒಂದು ವಿಶೇಷವಿತ್ತು. ಕೈಹೊಲಿಗೆಯ ಸೂಜಿಗೆ ಕಣ್ಣು ಹಿಂಭಾಗದಲ್ಲಿರುತ್ತದೆ. ಈ ಯಂತ್ರದ ಸೂಜಿಗೆ ಕಣ್ಣು ಮೊನೆಯ ಬಳಿಯಲ್ಲಿತ್ತು. ಸೂಜಿ ಪೂರ್ತಿಯಾಗಿ ಬಟ್ಟೆಯ ಆಚೆಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಮೊನೆ ಕೆಳಗಿಳಿದು ದಾರದ ಒಂದು ಕುಣಿಕೆಯನ್ನು ಬಿಡುತ್ತದೆ. ಕೆಳಗಿನ ಲಾಳಿ ತನ್ನ ದಾರವನ್ನು ಆ ಕುಣಿಕೆಯೊಳಗೆ ಹಾಯಿಸುತ್ತದೆ. ಸೂಜಿ ಮೇಲೇಳುವಾಗ ಎರಡು ದಾರಗಳೂ ಬಟ್ಟೆಯ ನಡುವೆ ಬಿಗಿದುಕೊಳ್ಳುತ್ತವೆ. ಮಗ್ಗದಲ್ಲಿ ಬಟ್ಟೆಯನ್ನು ನೇಯುವ ಲಾಳಿಯೇ ಯಂತ್ರದಲ್ಲಿ ಬಟ್ಟೆಯನ್ನು ಕೂಡಿಸಲು ಬಂದು ನಿಂತಿತೆನ್ನಬಹುದು. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದನು. ಅವನ ಸಂಸ್ಥೆ ಕಂತಿನ ಮೇಲೆ ಯಂತ್ರಗಳನ್ನು ಮಾರತೊಡಗಿದ ಮೇಲೆ ಅವು ಬಡವರ ಮನೆಯನ್ನೂ ಹೊಕ್ಕವು. ನಮ್ಮ ದೇಶದಲ್ಲಿಯೇ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರಗಳ ತಯಾರಿಕೆ ಆರಂಭವಾಯಿತು. ದೊಡ್ಡ ಯಂತ್ರಗಳು ಮನುಷ್ಯನನ್ನು ನುಂಗಿಬಿಟ್ಟಾವೆಂದು ಎಚ್ಚರಿಸುತ್ತಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ವಿದ್ಯಾರ್ಥಿಯೊಬ್ಬನೊಡನೆ ಮಾತನಾಡುತ್ತ, ಹೊಲಿಗೆ ಯಂತ್ರವನ್ನು ಮಾತ್ರ ಆ ಆಕ್ಷೇಪಣೆಯಿಂದ ಹೊರಗಿರಿಸಿದರು. ದುಡಿಯುವವನ ಬೇಸರವನ್ನು ಅದು ತಗ್ಗಿಸುತ್ತದೆಯೇ ಹೊರತು ದುಡಿಯುವವನನ್ನೇ ತಳ್ಳಿಹಾಕುವುದಿಲ್ಲವೆಂಬುದು ಅವರ ಭಾವನೆಯಾಗಿತ್ತು.

ಈ ಮಾತಿನ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಅರಸೀಕೆರೆಯ ಒಂದು ಚಿಕ್ಕ ಅಂಗಡಿಯಿಂದ. ಅರಸೀಕೆರೆ ರೈಲಿನ ಊರು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಹಳಿಯಿಂದ ಹಾಸನ, ಮೈಸೂರುಗಳ ಕಡೆಗೆ ಇಲ್ಲಿಯೇ ಕವಲು ಒಡೆಯುತ್ತದೆ. ಸುತ್ತಲೂ ತೆಂಗಿನ ತೋಟಗಳು. ಪೇಟೆಯಲ್ಲಿ ಕೊಬ್ಬರಿಯ ವ್ಯಾಪಾರ. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ದಿನಗಳಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆ ಯಂತ್ರಗಳನ್ನು ಸರಿಪಡಿಸುವ ವೃದ್ಧರೊಬ್ಬರಿದ್ದರು. ಊರಿಗೆಲ್ಲ ಅವರು ‘ಸಾಹೇಬರು’. ಅವರ ಅಂಗಡಿಯೆಂದರೆ ಒಂದು ಮೇಜು, ಒಂದು ಸ್ಟೂಲು, ಗೋಡೆಯುದ್ದಕ್ಕೂ ನಿಂತ ಏಳೆಂಟು ಹಳೆಯ ಯಂತ್ರಗಳು, ತಿರುಪುಗಳನ್ನು ತುಂಬಿದ ತಗಡಿನ ಡಬ್ಬಿ. ರಜೆಯ ದಿನಗಳಲ್ಲಿ ನಾನು ಆ ಡಬ್ಬಿಯ ಪಕ್ಕದಲ್ಲಿ ಕುಳಿತು, ಬಂದವರು ಕೇಳುವ ಪ್ರಶ್ನೆಗಳನ್ನೂ ಸಾಹೇಬರು ಹೇಳುವ ಉತ್ತರಗಳನ್ನೂ ಆಲಿಸುತ್ತಿದ್ದೆನು.

“ಹೊಲಿಗೆ ಮೇಲೆ ಚೆನ್ನಾಗಿ ಕಾಣುತ್ತದೆ. ಕೆಳಗೆ ಮಾತ್ರ ದಾರ ಗಂಟುಗಂಟಾಗುತ್ತದೆ. ಕೆಳಗಿನ ಬಾಬಿನ್ ಕೆಟ್ಟಿರಬೇಕಲ್ಲವೆ?” ಎಂದು ಒಬ್ಬರು ಕೇಳುವರು. ಸಾಹೇಬರು ಬಾಬಿನ್ನನ್ನು ಮುಟ್ಟುತ್ತಲೇ ಇರಲಿಲ್ಲ. ಮೇಲಿನ ದಾರವನ್ನು ಹಿಡಿಯುವ ತಿರುಪನ್ನು ಸ್ವಲ್ಪ ಬಿಗಿಮಾಡುವರು, ಗಂಟು ಮಾಯವಾಗುತ್ತಿತ್ತು. ಮೇಲಿನ ದಾರ ಸಡಿಲವಾದರೆ ಕೆಳಗಿನ ದಾರ ಅದನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆದುದರಿಂದ ದೋಷ ಇರುವುದು ಮೇಲೆ, ಕಾಣುವುದು ಕೆಳಗೆ. “ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ” ಎಂದು ಇನ್ನೊಬ್ಬರು ದೂರುವರು. ಆಗ ಸಾಹೇಬರು ಸೂಜಿಯನ್ನು ಬಿಚ್ಚಿ ಗಾಜಿನ ಚೂರಿನ ಮೇಲೆ ಉರುಳಿಸುವರು. ನೇರವಾದ ಸೂಜಿ ಸಮನಾಗಿ ಉರುಳುತ್ತದೆ; ಬಾಗಿದ ಸೂಜಿ ತಡೆತಡೆದು ಉರುಳುತ್ತದೆ. ಸೂಜಿ ನೇರವಾಗಿದ್ದರೂ ಅದನ್ನು ತಿರುಗುಮುರುಗಾಗಿ ಕೂರಿಸಿರಬಹುದು. ಸೂಜಿಯ ಮೈಯಲ್ಲಿ ಒಂದು ಪಕ್ಕಕ್ಕೆ ಉದ್ದನೆಯ ಗೀರು ಇರುತ್ತದೆ. ದಾರ ಯಾವ ಕಡೆಯಿಂದ ಕಣ್ಣನ್ನು ಹೊಗುತ್ತದೆಯೋ ಆ ಕಡೆಗೆ ಗೀರು ಇರಬೇಕು. ತೆಳುವಾದ ಬಟ್ಟೆಗೆ 11ನೆಯ ನಂಬರಿನ ಸೂಜಿ, ಸಾಮಾನ್ಯ ಹತ್ತಿಯ ಬಟ್ಟೆಗೆ 14 ಅಥವಾ 16, ದಪ್ಪ ಖಾಕಿಗೆ 18. “ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಆದೀತೆ?” ಎಂದು ಅವರು ನಗುತ್ತಿದ್ದರು. ಬಟ್ಟೆ ಮುಂದಕ್ಕೆ ಸರಿಯದಿದ್ದರೆ ಸೂಜಿಯ ಕೆಳಗಿನ ತಗಡನ್ನು ಬಿಚ್ಚಿ, ಬಟ್ಟೆಯನ್ನು ನೂಕುವ ಹಲ್ಲುಗಳ ನಡುವೆ ಬಯಲುಸೀಮೆಯ ಧೂಳೂ ನೂಲಿನ ಜುಂಗೂ ಸೇರಿ ಗಟ್ಟಿಯಾಗಿರುವುದನ್ನು ತೋರಿಸುವರು.

“ನಮ್ಮ ಯಂತ್ರ ಎಷ್ಟು ಹಳೆಯದು? ಮಾರಿದರೆ ಏನು ಬಂದೀತು?” ಎಂಬುದು ಎಲ್ಲರೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆ. ಹಳೆಯ ಸಿಂಗರ್ ಯಂತ್ರಗಳ ಪೀಠದ ಮೇಲೆ ಅಕ್ಷರ ಮತ್ತು ಅಂಕೆಗಳನ್ನು ಒತ್ತಿರುತ್ತಾರೆ. ಅದರಿಂದ ಅದು ತಯಾರಾದ ಕಾರ್ಖಾನೆಯನ್ನೂ ವರ್ಷವನ್ನೂ ತಿಳಿಯಬಹುದು. ಅವುಗಳಲ್ಲಿ ಹಲವು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಸಾಹೇಬರು ಇದನ್ನೆಲ್ಲ ವಿವರಿಸಿ ಕೊನೆಯಲ್ಲಿ, “ಮಾರಿದರೆ ಕಬ್ಬಿಣದ ಬೆಲೆ, ಹೊಲಿದರೆ ಅನ್ನದ ಬೆಲೆ” ಎನ್ನುತ್ತಿದ್ದರು.

ಅವರ ಆ ಮಾತು ಎಷ್ಟು ನಿಜವೆಂಬುದು ಒಂದು ಜನವರಿ ತಿಂಗಳಲ್ಲಿ ನನ್ನ ಅನುಭವಕ್ಕೆ ಬಂದಿತು. ನನ್ನ ಸೋದರತ್ತೆ ಹಳೇಬೀಡಿನಲ್ಲಿದ್ದರು. ಮಾವ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಅವರು ಸಾಕುತ್ತಿದ್ದುದು ಒಂದು ಹಳೆಯ ತುಳಿಯುವ ಯಂತ್ರದಿಂದ. ಗಣರಾಜ್ಯೋತ್ಸವಕ್ಕೆಂದು ಇಪ್ಪತ್ತು ಮಕ್ಕಳ ಸಮವಸ್ತ್ರಗಳನ್ನು ಹೊಲಿದುಕೊಡಲು ಒಪ್ಪಿಕೊಂಡು, ಅದರ ಮುಂಗಡ ಹಣದಲ್ಲಿ ಮಕ್ಕಳಿಗೆ ಪುಸ್ತಕಗಳನ್ನು ತಂದುಬಿಟ್ಟಿದ್ದರು. ಅಷ್ಟರಲ್ಲಿ ಯಂತ್ರ ನಿಂತುಹೋಯಿತು. ಹಳೆಯ ಸಾಮಾನು ಕೊಳ್ಳುವವನೊಬ್ಬನು ಅದನ್ನು ನೋಡಿ, “ಇದರ ಆಯುಸ್ಸು ಮುಗಿಯಿತು” ಎಂದು ಹೇಳಿ ತೂಕದ ಬೆಲೆಗೆ ಕೇಳಿದ್ದನು. ಅತ್ತೆಯ ಕಾಗದ ಬಂದ ಮರುದಿನವೇ ನಾನೂ ಸಾಹೇಬರೂ ಜಾವಗಲ್ ಮಾರ್ಗದ ಬೆಳಗಿನ ಬಸ್ಸನ್ನು ಹತ್ತಿದೆವು.

ಸಾಹೇಬರು ಯಂತ್ರವನ್ನು ಕೂಡಲೇ ಬಿಚ್ಚಲಿಲ್ಲ. ಚಕ್ರಕ್ಕೆ ಕೈಯಿಟ್ಟು ಮೆಲ್ಲನೆ ತಿರುಗಿಸಿ ನೋಡಿದರು. ಅನಂತರ, “ತಾಯಿ, ಇದಕ್ಕೆ ಯಾವ ಎಣ್ಣೆ ಹಾಕುತ್ತೀರಿ?” ಎಂದು ಕೇಳಿದರು.

“ಮನೆಯ ಕೊಬ್ಬರಿ ಎಣ್ಣೆ, ಸಾಹೇಬರೆ. ಸ್ವಲ್ಪವೂ ಕಲಬೆರಕೆಯಿಲ್ಲದ್ದು. ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ತಪ್ಪದೆ ಹಾಕುತ್ತೇನೆ” ಎಂದರು ಅತ್ತೆ.

“ಮಗೂ, ಒಳಗಿನಿಂದ ಆ ಎಣ್ಣೆಯ ಸೀಸೆಯನ್ನು ತಾ” ಎಂದು ಸಾಹೇಬರು ನನಗೆ ಹೇಳಿದರು. ನಾನು ತಂದ ಸೀಸೆಯನ್ನು ಅವರು ತಲೆಕೆಳಗು ಮಾಡಿ ಹಿಡಿದರು. ಒಂದು ಹನಿಯೂ ಬೀಳಲಿಲ್ಲ. ಚಳಿಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಉಷ್ಣಾಂಶ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆಯ ಗುಣವೇ ಹಾಗೆ. ಸೀಸೆಯಲ್ಲಿ ಆದದ್ದೇ ಯಂತ್ರದ ಕೀಲುಗಳಲ್ಲಿಯೂ ಆಗಿತ್ತು. ಎಷ್ಟೋ ದಿನಗಳ ಎಣ್ಣೆಗೆ ಧೂಳು ಬೆರೆತು ಮೇಣದಂತಾಗಿತ್ತು.

“ನೀವು ಕೊಟ್ಟದ್ದು ಒಳ್ಳೆಯ ಎಣ್ಣೆಯೇ, ತಾಯಿ. ತಲೆಗೆ ಒಳ್ಳೆಯದು, ದೀಪಕ್ಕೂ ಒಳ್ಳೆಯದು. ಯಂತ್ರಕ್ಕೆ ಮಾತ್ರ ಚಳಿಯಲ್ಲಿಯೂ ಹರಿಯುವ ತೆಳು ಎಣ್ಣೆ ಬೇಕು” ಎಂದು ಹೇಳಿ ಅವರು ಕೆಲಸಕ್ಕೆ ಕುಳಿತರು. ಪ್ರತಿಯೊಂದು ರಂಧ್ರಕ್ಕೂ ಸೀಮೆಎಣ್ಣೆಯನ್ನು ಬಿಟ್ಟು, ದಾರವಿಲ್ಲದೆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರು. ಕಂದುಬಣ್ಣದ ಜಿಡ್ಡು ಇಳಿದು ಬಂದಿತು. ಹಳೆಯ ಬಟ್ಟೆಯಿಂದ ಒರಸಿ, ಒಣಗಿಸಿ, ಯಂತ್ರದ ಎಣ್ಣೆಯನ್ನು ಒಂದೊಂದೇ ಹನಿಯಾಗಿ ಹಾಕಿದರು. ಎರಡು ಗಂಟೆಯ ಹೊತ್ತಿಗೆ ಅತ್ತೆ ಪೀಠದ ಮುಂದೆ ಕುಳಿತು ಕಾಲಿಟ್ಟಾಗ ಚಕ್ರ ಹಗುರವಾಗಿ ತಿರುಗಿತು. ಅತ್ತೆ ಏನನ್ನೂ ಹೇಳಲಿಲ್ಲ. ಬಟ್ಟೆಯ ಚೂರೊಂದನ್ನು ಇಟ್ಟು ಉದ್ದಕ್ಕೂ ಹೊಲಿದರು. ಮತ್ತೆ ಅದರ ಪಕ್ಕದಲ್ಲಿಯೇ ಇನ್ನೊಂದು ಸಾಲು ಹೊಲಿದರು. ಸಾಹೇಬರು ತಮ್ಮ ಕೂಲಿಯನ್ನಷ್ಟೇ ಪಡೆದು, ಎಣ್ಣೆಯ ಪುಟ್ಟ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಹೊರಟರು. ಮಕ್ಕಳೆಲ್ಲ ಹೊಸ ಸಮವಸ್ತ್ರ ತೊಟ್ಟು ಧ್ವಜವಂದನೆಗೆ ನಿಂತಿದ್ದರೆಂದು ತಿಂಗಳ ಕೊನೆಯಲ್ಲಿ ಅತ್ತೆ ಕಾಗದ ಬರೆದರು.

ಅಂದು ಹಳೇಬೀಡಿನಿಂದ ನಾವು ಬೇಲೂರಿಗೆ ಹೋದೆವು. ನಡುವೆ ಇರುವುದು ಸುಮಾರು 16 ಕಿಲೋಮೀಟರ್ ಮಾತ್ರ. ಆದರೆ ಮಲೆನಾಡಿನ ಸೆರಗು ಅಲ್ಲಿ ತೊಡಗುತ್ತದೆ. ಅರಸೀಕೆರೆಯ ಯಂತ್ರಗಳಿಗೆ ಧೂಳು ಶತ್ರುವಾದರೆ ಬೇಲೂರಿನವುಗಳಿಗೆ ಮಳೆಗಾಲದ ತೇವ. ಅಲ್ಲಿನ ದರ್ಜಿಯೊಬ್ಬರ ಯಂತ್ರದ ಸೂಜಿ ಹಿಡಿಯುವ ಸರಳು ತುಕ್ಕು ಹಿಡಿದಿತ್ತು. ಯಂತ್ರವನ್ನು ಗೋಡೆಗೆ ತಾಗಿಸಿಡಬಾರದೆಂದೂ, ಕೆಲಸವಿಲ್ಲದ ದಿನಗಳಲ್ಲಿಯೂ ಎಣ್ಣೆ ಹಾಕಿ ಒಮ್ಮೆ ಆಡಿಸಬೇಕೆಂದೂ, ಗಾಳಿಯಾಡುವ ಹತ್ತಿಯ ಬಟ್ಟೆಯನ್ನೇ ಹೊದಿಸಬೇಕೆಂದೂ ಸಾಹೇಬರು ಹೇಳಿದರು.

ಆ ಅಂಗಡಿಯಲ್ಲಿ ಬಟ್ಟೆಯನ್ನು ಕುರಿತ ಪ್ರಶ್ನೆಗಳೂ ಎದ್ದವು. ಹೊಸ ಅಂಗಿ ಒಂದೇ ಒಗೆತಕ್ಕೆ ಚಿಕ್ಕದಾಯಿತೆಂದು ಒಬ್ಬರು ಜಗಳಕ್ಕೆ ಬಂದಿದ್ದರು. ನೇಯುವಾಗ ಎಳೆದು ಬಿಗಿದಿದ್ದ ಹತ್ತಿಯ ನೂಲು ನೀರು ಕುಡಿದಾಗ ಬಿಗಿ ಕಳೆದುಕೊಂಡು ಕುಗ್ಗುತ್ತದೆ. ಆದುದರಿಂದ ಕತ್ತರಿಸುವ ಮೊದಲೇ ಬಟ್ಟೆಯನ್ನು ನೆನೆಸಿ ಒಣಗಿಸಬೇಕು. ರೇಷ್ಮೆಯೆಂದು ಕೊಂಡದ್ದು ನಿಜವಾಗಿಯೂ ರೇಷ್ಮೆಯೇ ಎಂದು ಇನ್ನೊಬ್ಬರ ಸಂದೇಹ. ದರ್ಜಿಯು ಅಂಚಿನ ಎರಡು ಎಳೆಗಳನ್ನು ಕಿತ್ತು ಉರಿಗೆ ಹಿಡಿದರು. ಹತ್ತಿ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ. ರೇಷ್ಮೆಯೂ ಉಣ್ಣೆಯೂ ಕೂದಲು ಸುಟ್ಟಂತೆ ನಾರುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ದಿನದ ಎಳೆ ಮಣಿಯಾಯಿತು. ಕೇಳಿದವರ ಮುಖ ಸಪ್ಪಗಾಯಿತು.

ಸಂಜೆ ಬಸ್ಸಿಗೆ ಹೊತ್ತಿತ್ತು. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ನಡೆಯುತ್ತ ಸಾಹೇಬರು ಒಂದು ಮದನಿಕೆಯ ಕೆಳಗೆ ನಿಂತರು. ಕಪಿಯೊಂದು ಅವಳ ಉಡುಗೆಯನ್ನು ಹಿಡಿದು ಎಳೆಯುತ್ತಿದೆ. “ಇಲ್ಲಿ ಒಂದು ಹೊಲಿಗೆಯೂ ಇಲ್ಲ. ಆದರೂ ಎಳೆತ ಎಲ್ಲಿದೆ ನೋಡು” ಎಂದರು ಅವರು. ನಿಜವೇ. ಬಟ್ಟೆಗೆ ಹಾಸು ಹೊಕ್ಕು ಎಂಬ ಎರಡು ದಾರಿಗಳಿವೆ. ಎಳೆಯ ನೇರಕ್ಕೆ ಕತ್ತರಿಸಿದರೆ ಅದು ನೆಟ್ಟಗೆ ಇಳಿಬೀಳುತ್ತದೆ, ಓರೆಯಾಗಿ ಕತ್ತರಿಸಿದರೆ ಹಿಗ್ಗಿ ಬಾಗುತ್ತದೆ. ಇದನ್ನು ಅರಿಯದೆ ಕತ್ತರಿ ಹಿಡಿದರೆ ಎಂತಹ ಯಂತ್ರವೂ ಉಡುಪನ್ನು ಸರಿಪಡಿಸಲಾರದು. ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರಂತಹ ಶಿಲ್ಪಿಗಳು ತಮ್ಮ ಹೆಸರುಗಳನ್ನು ಬಿಟ್ಟುಹೋಗಿದ್ದಾರೆ. ಬಟ್ಟೆ ಎಳೆದರೆ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಕಣ್ಣಿಟ್ಟು ನೋಡಿದವರೇ ಅದನ್ನು ಕಲ್ಲಿನಲ್ಲಿ ತೋರಿಸಬಲ್ಲರು.

ಇಂದು ಸಿದ್ಧ ಉಡುಪುಗಳು ಪೇಟೆಗಳನ್ನು ತುಂಬಿವೆ. ಹರಿದದ್ದನ್ನು ಹೊಲಿಯುವುದಕ್ಕಿಂತ ಹೊಸದನ್ನು ಕೊಳ್ಳುವುದು ಸುಲಭವೆನ್ನಿಸುತ್ತದೆ. ಹೊಸದನ್ನು ಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ಆದರೆ ‘ಕೆಟ್ಟಿತು’ ಎಂದು ಹೇಳುವುದಕ್ಕೂ ‘ಏಕೆ ಕೆಟ್ಟಿತು’ ಎಂದು ಕೇಳುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ವಸ್ತುವನ್ನು ಗುಜರಿಗೆ ಕಳುಹಿಸುತ್ತದೆ. ಎರಡನೆಯದು ಒಮ್ಮೊಮ್ಮೆ ಒಂದು ಸಂಸಾರವನ್ನೇ ಉಳಿಸುತ್ತದೆ. ಅದಕ್ಕೆ ಬೇಕಾದದ್ದು ದೊಡ್ಡ ವಿದ್ಯೆಯೇನೂ ಅಲ್ಲ. ನಿಧಾನ, ಒಂದು ಪ್ರಶ್ನೆ, ಮತ್ತು ಎಣ್ಣೆಯ ಸೀಸೆಯನ್ನು ತಲೆಕೆಳಗು ಮಾಡಿ ನೋಡುವಷ್ಟು ಕುತೂಹಲ. ಯಂತ್ರದ ಸೂಜಿಗೆ ಕಣ್ಣು ಇರುವುದು ಅದು ಕೆಲಸ ಮಾಡುವ ಮೊನೆಯ ಬಳಿಯಲ್ಲಿ. ಯಾವ ಕೆಲಸವನ್ನು ಕೈಗೆತ್ತಿಕೊಂಡರೂ ನಮ್ಮ ಕಣ್ಣೂ ಅಲ್ಲಿಯೇ ಇದ್ದರೆ ಸಾಕು.