ಕುದುರೆಯ ಕಿವಿ

ಕುದುರೆ ಎಂದೊಡನೆ ನಮಗೆ ನೆನಪಾಗುವುದು ರಾಜ, ಯುದ್ಧ, ವೇಗ. ರಷ್ಯಾದ ಸಾಹಿತಿ ಚೆಕಾಫ್ 1886ರಲ್ಲಿ ಬರೆದ ಕಥೆಯೊಂದರ ಕುದುರೆ ಬೇರೆಯೇ. ಅಯೋನಾ ಎಂಬ ಬಡ ಬಂಡಿಯವನ ಮಗ ತೀರಿಹೋಗಿ ವಾರವೂ ಆಗಿಲ್ಲ. ಬಂಡಿ ಹತ್ತಿದವರಿಗೆಲ್ಲ ದುಃಖ ಹೇಳಿಕೊಳ್ಳಲು ನೋಡುತ್ತಾನೆ, ಯಾರಿಗೂ ಪುರಸೊತ್ತಿಲ್ಲ. ಕೊನೆಗೆ ರಾತ್ರಿ, ಹುಲ್ಲು ಮೆಲ್ಲುತ್ತಿದ್ದ ತನ್ನ ಕುದುರೆಗೇ ಎಲ್ಲವನ್ನೂ ಹೇಳುತ್ತಾನೆ.

ಒಮ್ಮೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಮನೆಗೆ ಹೋಗಿದ್ದೆವು. ಪ್ರಾರ್ಥಿಸಿ, ಎರಡು ಸಾಂತ್ವನದ ಮಾತು ಹೇಳಿದೆವು. “ಫಾದರ್, ನನ್ನ ಮಗ ಚಿಕ್ಕವನಿದ್ದಾಗ...” ಎಂದು ಅವರು ಶುರುಮಾಡುವಷ್ಟರಲ್ಲಿ, ಮುಂದಿನ ಮನೆಗೆ ತಡವಾಯಿತೆಂದು ಎದ್ದುಬಿಟ್ಟೆವು. ಆ ರಾತ್ರಿ ಅಯೋನಾ ನೆನಪಾದ, ನಿದ್ದೆ ಬರಲಿಲ್ಲ.

ಮರುದಿನವೇ ಮತ್ತೆ ಹೋದೆವು. ಏನೂ ಹೇಳಲಿಲ್ಲ, ಕೇಳುತ್ತಾ ಕುಳಿತೆವು.

ಪ್ರಿಯರೇ, ನಮ್ಮ ನೆರೆಯಲ್ಲೂ ಒಬ್ಬ ಅಯೋನಾ ಇರಬಹುದು. ಅವನ ಅಳಲು ಕುದುರೆಯ ಪಾಲಾಗದಿರಲಿ.