ಬಂಡೆಯ ಮೇಲೊಂದು ಮೊಟ್ಟೆ

ಮಂಡ್ಯದಿಂದ ಬೆಂಗಳೂರಿನತ್ತ ರೈಲು ಹತ್ತಿದವರಿಗೆ ಮದ್ದೂರಿನವರೆಗೂ ಕಬ್ಬು, ಬತ್ತ, ತೆಂಗುಗಳ ಹಸಿರು. ಮದ್ದೂರು ವಡೆಯ ರುಚಿ ನಾಲಗೆಯ ಮೇಲೆ ಉಳಿದಿರುವಾಗಲೇ ಚನ್ನಪಟ್ಟಣ ಹಿಂದೆ ಸರಿದು, ರಾಮನಗರದ ಬೋಳು ಬಂಡೆಗಳು ಕಣ್ಣೆದುರು ನಿಲ್ಲುತ್ತವೆ. ಅವುಗಳಲ್ಲೊಂದು ರಾಮದೇವರ ಬೆಟ್ಟ. 1975ರ ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ಈ ಬಂಡೆಗಳ ನಿಜವಾದ ಒಡೆಯರು ಉದ್ದಕೊಕ್ಕಿನ ರಣಹದ್ದುಗಳು. 2012ರಲ್ಲಿ ಈ ಬೆಟ್ಟ ರಣಹದ್ದುಗಳ ಅಭಯಧಾಮವೆಂದು ಘೋಷಿತವಾಯಿತು. ದೇಶದಲ್ಲಿ ಇಂಥದು ಇದೇ ಮೊದಲು.

ಈ ಹಕ್ಕಿಯ ಸಂಸಾರಕ್ಕೆ ಮನುಷ್ಯನ ಕಾಲು ನಿಲ್ಲದ ಕಡಿದಾದ ಬಂಡೆಯ ಅಂಚೇ ಬೇಕು. ಚಳಿಗಾಲ ಕಾಲಿಡುತ್ತಿದ್ದಂತೆ ಗಂಡುಹೆಣ್ಣುಗಳು ಕಡ್ಡಿಗಳನ್ನೂ ಹಸಿರೆಲೆಗಳನ್ನೂ ತಂದು ಗೂಡು ಹಾಸುತ್ತವೆ. ಇಡುವುದು ಒಂದೇ ಮೊಟ್ಟೆ. ಸುಮಾರು 50 ದಿನ ಎರಡೂ ಸರದಿಯಂತೆ ಕಾವು ಕೊಡುತ್ತವೆ. ಮರಿ ರೆಕ್ಕೆ ಬಿಚ್ಚಲು ತಿಂಗಳುಗಳು ಬೇಕು. ತಾನೇ ಗೂಡು ಕಟ್ಟಲು ವರ್ಷಗಳು ಬೇಕು. ಇಷ್ಟು ನಿಧಾನವಾಗಿ ಬೆಳೆಯುವ ಕುಲಕ್ಕೆ ಒಂದು ಸಾವೂ ದೊಡ್ಡ ನಷ್ಟವೇ.

ಬಿಸಿಲೇರಿ ಗಾಳಿ ಕಾಯುವವರೆಗೆ ಹದ್ದು ಕದಲುವುದಿಲ್ಲ. ಬಳಿಕ ಮೇಲೇಳುವ ಗಾಳಿಯನ್ನೇ ಮೆಟ್ಟಿಲಾಗಿಸಿಕೊಂಡು ಆಹಾರಕ್ಕಾಗಿ ಹತ್ತಾರು ಕಿಲೋಮೀಟರು ತೇಲಿಹೋಗುತ್ತದೆ. ಮದ್ದೂರು, ಮಳವಳ್ಳಿಗಳ ಬಯಲು ಇಂಥ ರೆಕ್ಕೆಗೆ ದೂರವಲ್ಲ. ಊರಾಚೆ ಎಸೆದ ದನದ ಹೆಣವನ್ನು ಮೂಳೆಯಷ್ಟೇ ಉಳಿಯುವಂತೆ ತಿಂದು, ರೋಗ ಹರಡದಂತೆ ಕಾಯುತ್ತಿದ್ದ ಜಾಡಮಾಲಿ ಇದೇ.

ಆದರೆ 1990ರ ದಶಕದಿಂದೀಚೆಗೆ ಭಾರತದ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಅಳಿದುಹೋದವು. ಕಾರಣ 2004ರಲ್ಲಿ ಬಯಲಾಯಿತು: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫಿನ್ಯಾಕ್ ಎಂಬ ಔಷಧ. ಆ ಔಷಧ ಪಡೆದು ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟು, ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಲಾಯಿತು. ಆದರೂ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಅವುಗಳಿಗೂ ಕಡಿವಾಣ ಬಿತ್ತು.

ರಾಮದೇವರ ಬೆಟ್ಟದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಹದ್ದುಗಳು. ಬೆಟ್ಟಕ್ಕೆ ಬೇಲಿ ಹಾಕಬಹುದು, ಆಕಾಶಕ್ಕೆ ಹಾಕಲಾದೀತೆ? ಬಂಡೆಯ ಮೇಲಿನ ಆ ಮೊಟ್ಟೆಯ ಹಣೆಬರಹ ಬರೆಯುವುದು ಬಯಲಿನ ಕೊಟ್ಟಿಗೆಯಲ್ಲಿ. ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವ ರೈತನು ಹಸು ನರಳಿದಾಗ ವೈದ್ಯರಲ್ಲಿ ಹದ್ದಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮನ್ನೇ ಕೇಳಿದರೆ, ಅವನ ಹಸುವಿಗೂ ಹಿತ, ಹಕ್ಕಿಗೂ ಹಿತ. ಸೀತೆಗಾಗಿ ಪ್ರಾಣ ತೆತ್ತ ಜಟಾಯುವಿನ ಕುಲಕ್ಕೆ ನಾವು ಸಲ್ಲಿಸಬೇಕಾದ ಋಣ ಇಷ್ಟು ಸಣ್ಣದು.