ಇಳಿಯದೆ ಹೋದ ನಿಲ್ದಾಣ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲು ಅಣ್ಣಿಗೇರಿಯಲ್ಲಿ ನಿಂತಾಗ ಇಳಿಯುವವರೆಲ್ಲ ಆ ಸೀಮೆಯವರೇ. ಪೇಟೆಗೆ ಹೋಗಿ ಬಂದ ರೈತರು, ಪುಸ್ತಕದ ಚೀಲ ಹೊತ್ತ ಹುಡುಗರು, ಕೂಸನ್ನು ಬಗಲಲ್ಲೆತ್ತಿಕೊಂಡು ತವರಿಗೆ ಬಂದ ಹೆಣ್ಣುಮಕ್ಕಳು. ಪ್ರವಾಸಿಗರು ಮಾತ್ರ ಕುಳಿತಲ್ಲಿಂದ ಏಳುವುದಿಲ್ಲ. ಗದಗಿನಲ್ಲಿ ಹಳಿ ಕವಲೊಡೆದು ಒಂದು ಹೊಸಪೇಟೆಯತ್ತ, ಇನ್ನೊಂದು ಬಾದಾಮಿಯತ್ತ ಸಾಗುತ್ತದೆ. ಹಂಪೆಯ ಕಲ್ಲಿನ ರಥವನ್ನೋ ಬಾದಾಮಿಯ ಗುಹೆಗಳನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೊರಟವರಿಗೆ ನಡುವಿನ ಈ ಊರು ಹಳದಿ ಹಲಗೆಯ ಮೇಲಿನ ಒಂದು ಹೆಸರು, ಅಷ್ಟೆ.

ಮೈಸೂರಿನ ಆ ಕನ್ನಡ ಅಧ್ಯಾಪಕರೂ ಹಾಗೆ ಹಾದುಹೋದವರೇ. ೩೨ ವರ್ಷ ಕಾಲೇಜಿನಲ್ಲಿ ಪಂಪನನ್ನು ಪಾಠ ಹೇಳಿದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಾದಾಮಿ, ಪಟ್ಟದಕಲ್ಲುಗಳಿಗೆ ಹಲವು ಸಲ ಹೋಗಿಬಂದವರು. ರೈಲು ಅಣ್ಣಿಗೇರಿಯಲ್ಲಿ ನಿಂತಾಗ, "ಇದು ಪಂಪನ ತಾಯಿಯ ಕಡೆಯ ಊರು, ನೋಡಿ" ಎಂದು ಕಿಟಕಿಯಿಂದಲೇ ಬೆರಳು ಮಾಡಿ ತೋರಿಸುತ್ತಿದ್ದರು. ಹುಡುಗರು ನೋಡುವಷ್ಟರಲ್ಲಿ ರೈಲು ಹೊರಟುಬಿಡುತ್ತಿತ್ತು.

ಅವರ ಪತ್ನಿ ಧಾರವಾಡದವರು. ಮದುವೆಯಾದ ವರ್ಷ ಇಬ್ಬರೂ ಇದೇ ಹಾದಿಯಲ್ಲಿ ಬಾದಾಮಿಗೆ ಹೊರಟಿದ್ದಾಗ ಆಕೆ, "ಇದು ನಮ್ಮಜ್ಜಿ ಊರುರೀ" ಎಂದಿದ್ದರು. "ಹೌದೇನು? ಒಮ್ಮೆ ಇಳಿಯೋಣ" ಎಂದು ಇವರೂ ಸಹಜವಾಗಿಯೇ ಹೇಳಿದ್ದರು. ಆ 'ಒಮ್ಮೆ' ಬರುವುದಕ್ಕೆ ೩೫ ವರ್ಷ ಬೇಕಾಯಿತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ಸೋದರಮಾವ ಮನೆಯನ್ನು ಮಾರಿ ಪುಣೆಗೆ ಹೋಗಿ ನೆಲೆಸಿದ್ದರು.

ನಿವೃತ್ತರಾದ ಮೇಲೆ ಒಂದು ಸಂಜೆ ಅವರು ಯಾವುದೋ ಉಪನ್ಯಾಸಕ್ಕೆ ಟಿಪ್ಪಣಿ ಬರೆಯುತ್ತ, ಬರೆದುದನ್ನು ಹೆಂಡತಿಗೆ ಓದಿಹೇಳುತ್ತಿದ್ದರು. ಪಂಪ ತನ್ನ ಕಾವ್ಯದಲ್ಲಿ ಹಾಡಿ ಹೊಗಳಿದ್ದು ಬನವಾಸಿಯನ್ನು. ಅದನ್ನು ಓದಿದವರು ಇಂದಿಗೂ ಬನವಾಸಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಆದರೆ ಅವನ ಮನೆತನದ ಸುಳಿವನ್ನು ಉಳಿಸಿಕೊಟ್ಟವನು ತಮ್ಮ ಜಿನವಲ್ಲಭ. ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಅವನು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಶಾಸನ ಬರೆಸಿದ. ತಂದೆ ಭೀಮಪಯ್ಯನ ಹೆಸರನ್ನು ಹೇಳಿದ. ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ವಂಶದವಳೆಂಬುದನ್ನೂ ಮರೆಯದೆ ಕೆತ್ತಿಸಿದ. ಹತ್ತನೆಯ ಶತಮಾನದ ಆ ತಾಯಿಯ ತವರು ಯಾವುದೆಂದು ನಮಗಿಂದು ತಿಳಿದಿರುವುದು ಹೀಗೆ.

ಆಕೆ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿದರು. ಆಮೇಲೆ ತಲೆಯೆತ್ತದೆಯೇ ಹೇಳಿದರು: "ಆತ ಅಷ್ಟು ದೂರ ಕೂತು ತಾಯಿ ತವರಿನ ಹೆಸರು ಕಲ್ಲಿನ ಮ್ಯಾಲೆ ಬರಸಿದ. ನೀವು ರೈಲು ನಿಂತಾಗೂ ಇಳಿಸಲಿಲ್ಲ ನೋಡ್ರಿ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಧ್ಯಾಪಕರಿಗೆ ಉತ್ತರ ಹೊಳೆಯುತ್ತಿತ್ತೇನೋ. ಮರುದಿನವೇ ಹೋಗಿ ಅವರು ಎರಡು ಟಿಕೆಟು ತಂದರು.

ಎಳ್ಳಮಾವಾಸ್ಯೆ ಕಳೆದು ಕೆಲವೇ ದಿನಗಳಾಗಿದ್ದವು. ಹಳಿಯ ಎರಡೂ ಬದಿಗೆ ದಿಗಂತದವರೆಗೆ ಎರೆಯ ಹೊಲ. ಅದರ ಮೇಲೆ ಕಡಲೆ, ಕುಸುಬೆ, ಬಿಳಿಜೋಳ. ಒಂದು ಗುಡ್ಡವಿಲ್ಲ, ತೋಪಿಲ್ಲ. ಆಕಾಶವೆಲ್ಲ ನೆಲಕ್ಕೆ ಇಳಿದಂತೆ ಇತ್ತು. ಶಾಸನಗಳು ಬೆಳ್ವೊಲವೆಂದು ಕರೆದ ನಾಡು ಇದೇ. ಊರಿನಲ್ಲಿ ದಾರಿ ತೋರಿಸುವವರಿಲ್ಲ, ಚಿತ್ರದ ಕಾರ್ಡು ಮಾರುವವರಿಲ್ಲ. ಎಲ್ಲಿಗೆಂದು ಕೇಳಿದ ಆಟೋದವನು "ಗುಡಿಗೇನ್ರಿ?" ಎಂದು ತಾನೇ ಹೇಳಿ, ಅಮೃತೇಶ್ವರನ ಮುಂದೆ ತಂದು ನಿಲ್ಲಿಸಿದ.

ಸುಮಾರು ೧೦೫೦ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಎದ್ದ ಗುಡಿ ಅದು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲನ್ನು ಕಡೆದ ಶಿಲ್ಪಿಗಳ ಪರಂಪರೆ ಇಲ್ಲಿ ಬಳಪದ ಕಲ್ಲಿಗೆ ಹೊರಳಿಕೊಂಡಿತು. ಮೃದುವಾದ ಆ ಕಲ್ಲಿನಲ್ಲಿ ಉಳಿ ಎಷ್ಟು ಸೂಕ್ಷ್ಮಕ್ಕೂ ಇಳಿಯಬಲ್ಲದು. ಈ ಬಗೆಯ ಗುಡಿಗಳಲ್ಲಿ ಇದೇ ಮೊದಲಿನದೆಂದು ವಿದ್ವಾಂಸರು ಎಣಿಸುತ್ತಾರೆ. ಇಟಗಿಯ ಮಹಾದೇವ ದೇವಾಲಯದ ಕುಸುರಿಯನ್ನು ನೋಡಿ ಬೆರಗಾಗುವವರು ಅದರ ಮೊದಲ ಪಾಠವನ್ನು ಅಣ್ಣಿಗೇರಿಯ ಗೋಡೆಯ ಕಿರುಗೋಪುರಗಳಲ್ಲಿ ಕಾಣಬಹುದು.

ಅಧ್ಯಾಪಕರು ಮಂಟಪದ ನಡುವೆ ನಿಂತು ಹೆಂಡತಿಗೆ ಇದನ್ನೆಲ್ಲ ವಿವರಿಸತೊಡಗಿದರು. ೭೫೧ರ ಶಾಸನದಲ್ಲಿ ಕಲಿಯಮ್ಮನೆಂಬವನು ಇಲ್ಲಿ ಬಸದಿ ಕಟ್ಟಿಸಿದ ಸಂಗತಿ, ಮುಂದೆ ಚೋಳರ ದಂಡು ಬಂದು ಈ ನಾಡಿನ ಬಸದಿಗಳಿಗೆ ಬೆಂಕಿಯಿಟ್ಟದ್ದು, ಕೊನೆಯ ಚಾಲುಕ್ಯ ದೊರೆ ನಾಲ್ಕನೆಯ ಸೋಮೇಶ್ವರ ೧೨ನೆಯ ಶತಮಾನದ ಕೊನೆಗೆ ಇದೇ ಊರನ್ನು ರಾಜಧಾನಿ ಮಾಡಿಕೊಂಡದ್ದು. "ಇಲ್ಲಿ ಕಂಬಗಳೇ ೭೬ ಇವೆ" ಎಂದು ಹೇಳಿ ಹಿಂತಿರುಗಿ ನೋಡಿದರೆ ಆಕೆ ಅಲ್ಲಿರಲಿಲ್ಲ.

ಆಕೆ ಮೂಲೆಯ ಒಂದು ಕಂಬದ ಹಿಂದೆ ನಿಂತಿದ್ದರು. ನುಣುಪಾದ ಕಲ್ಲಿನ ಮೇಲೆ ಅಂಗೈಯಿತ್ತು.

"ಇದರ ಹಿಂದ ಅಡಗಿ ಕೂತರ ನಾ ಯಾರಿಗೂ ಸಿಗತಿರಲಿಲ್ಲರೀ" ಎಂದರು. "ಬ್ಯಾಸಗಿ ಸೂಟಿ ಪೂರ್ತಿ ಇಲ್ಲೇ ಆಡತಿದ್ವಿ. ಹೊರಗ ಅಷ್ಟು ಬಿಸಲಿದ್ರೂ ಈ ಕಲ್ಲು ತಣ್ಣಗಿರತಿತ್ತು."

ಅಧ್ಯಾಪಕರೂ ಕೈಯಿಟ್ಟು ನೋಡಿದರು. ಕಲ್ಲು ತಣ್ಣಗಿತ್ತು. ಗುಡಿಯ ಶೈಲಿ, ಕಾಲ, ಅರಸರ ಪಟ್ಟಿ ಎಲ್ಲವೂ ಅವರಿಗೆ ತಿಳಿದಿತ್ತು; ಇದು ತಿಳಿದಿರಲಿಲ್ಲ. ಅಲ್ಲಿಂದ ಮುಂದೆ ಅವರು ಮಾತಾಡಲಿಲ್ಲ. ಹೆಂಡತಿಯ ಹಿಂದೆ ನಡೆದರು.

ಅಜ್ಜಿಯ ಮನೆಯಿದ್ದ ಓಣಿಯನ್ನು ಆಕೆ ಯಾರನ್ನೂ ಕೇಳದೆ ಹಿಡಿದರು. ಮಣ್ಣಿನ ಮಾಳಿಗೆಯ ಮನೆಯ ಜಾಗದಲ್ಲಿ ಎರಡಂತಸ್ತಿನ ಆರ್‌ಸಿಸಿ ಕಟ್ಟಡ ಎದ್ದಿತ್ತು. ಕೆಳಗೆ ಮೊಬೈಲು ದುರಸ್ತಿಯ ಅಂಗಡಿ. ಆಕೆ ಒಂದು ಗಳಿಗೆ ನೋಡಿ, ಸೆರಗು ಸರಿಪಡಿಸಿಕೊಂಡು ಹಿಂದಿರುಗುವಷ್ಟರಲ್ಲಿ ಎದುರುಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು, "ಯಾರ ಪೈಕಿ ಯವ್ವಾ?" ಎಂದು ಕೇಳಿದಳು.

ಆಕೆ ಗಂಡನ ಹೆಸರನ್ನು ಹೇಳಲಿಲ್ಲ, ಮೈಸೂರನ್ನೂ ಹೇಳಲಿಲ್ಲ. ಅಜ್ಜಿಯ ಹೆಸರು ಹೇಳಿ, "ಅವರ ಮೊಮ್ಮಗಳು" ಎಂದರು.

ಮುದುಕಿ ಕಣ್ಣಿಗೆ ಕೈಯಡ್ಡ ಹಿಡಿದು ನೋಡಿದಳು. "ಧಾರವಾಡದಾಕಿ? ಸೂಟಿಗೆ ಬರತಿದ್ದಿ, ಹೌದಲ್ಲ? ಬಾ, ಒಳಗ ಬಾ. ರೊಟ್ಟಿ ಬಡದೇವಿ, ಉಂಡು ಹೋಗ್ರಿ." ಒಳಗೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು ಬಂದವು. ಇಬ್ಬರು ಹೆಂಗಸರೂ ಸತ್ತವರ, ಊರು ಬಿಟ್ಟವರ, ಉಳಿದವರ ಲೆಕ್ಕ ಹಾಕುತ್ತ ಕುಳಿತರು. ಅಧ್ಯಾಪಕರು ಊಟ ಮಾಡುತ್ತ ಕೇಳಿಸಿಕೊಂಡರು. ಊರಿಲ್ಲದೆ, ಹಿರಿಯರ ಹೆಸರಿಲ್ಲದೆ ಹೆಣ್ಣೊಬ್ಬಳ ಪರಿಚಯ ಪೂರ್ತಿಯಾಗದೆಂಬುದನ್ನು ಜಿನವಲ್ಲಭ ಅರಿತಿದ್ದ. ಅವನ ಶಾಸನವನ್ನು ೩೨ ವರ್ಷ ಬೋಧಿಸಿದವರಿಗೆ ಅದು ತಿಳಿದದ್ದು ಆ ಮಧ್ಯಾಹ್ನ.

ಸಂಜೆಯ ರೈಲಿನಲ್ಲಿ ಎದುರು ಸೀಟಿನಲ್ಲಿದ್ದವರು ಹಂಪೆಯನ್ನು ನೋಡಿಕೊಂಡು ಮರಳುತ್ತಿದ್ದ ಒಂದು ಕುಟುಂಬ. ಅಣ್ಣಿಗೇರಿಯಲ್ಲಿ ಹತ್ತಿದ ಇವರನ್ನು ಕಂಡು ಆ ಗೃಹಸ್ಥರು ಸೌಜನ್ಯದಿಂದ ವಿಚಾರಿಸಿದರು: "ಇಲ್ಲಿ ನೋಡುವಂಥದ್ದು ಏನಿದೆ ಸರ್?"

ಅಧ್ಯಾಪಕರ ನಾಲಗೆಯ ತುದಿಗೆ ಪಂಪ ಬಂದ. ೭೬ ಕಂಬಗಳೂ ಬಂದವು. ಅವರು ಒಮ್ಮೆ ಕಿಟಕಿಯ ಬಳಿ ಕುಳಿತಿದ್ದ ಹೆಂಡತಿಯ ಕಡೆ ನೋಡಿದರು.

"ಇದು ನಮ್ಮ ಮನೆಯವರ ಅಜ್ಜಿಯ ಊರು" ಎಂದರು. ಪಂಪನ ವಿಷಯವನ್ನು ಆಮೇಲೆ ಹೇಳಿದರು.